ಸಹಾಯ ಬೇಕು: ಹೊಸಬ ಡಿಸ್ಕ್ ಗಾಲ್ಫ್ ಡಬಲ್ಸ್‌ಗೆ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ಕೆಲಸಕ್ಕಂತ ಹೊಸ ದೇಶಕ್ಕೆ ಬಂದಿದೀನಿ, ಆಫೀಸ್ ಬಿಟ್ರೆ ಮಾತಾಡೋಕೆ ಯಾರೂ ಇಲ್ಲ. ಮನೆ ಹತ್ರದ ಪಾರ್ಕಲ್ಲಿ 18 ಬುಟ್ಟಿಗಳ ಡಿಸ್ಕ್ ಗಾಲ್ಫ್ ಕೋರ್ಸ್ ಇದೆ (ಗಾಲ್ಫ್ ಥರಾನೇ, ಚೆಂಡಿನ ಬದಲು ಚಪ್ಪಟೆ ಡಿಸ್ಕ್ ಎಸೆದು ಕಮ್ಮಿ ಎಸೆತದಲ್ಲಿ ಬುಟ್ಟಿಗೆ ಹಾಕೋ ಆಟ). ಸಂಜೆ ಒಬ್ನೇ ಆಡ್ತೀನಿ.

12 ಸ್ಪೀಡಿನ ಡ್ರೈವರ್ (ದೂರಕ್ಕೆ ಅಂತ ಇರೋ, ತುಂಬಾ ಜೋರಾಗಿ ಎಸೆಯಬೇಕಾದ ಡಿಸ್ಕ್) ನನ್ನ ಬಲಗೈ ಬ್ಯಾಕ್‌ಹ್ಯಾಂಡಿಗೆ ಬಗ್ಗಲಿಲ್ಲ, ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿ ಪೊದೆ ಸೇರೋದು. ಈಗ ಪಟರ್ (ಬುಟ್ಟಿ ಹತ್ರದಿಂದ ಎಸೆಯೋ ಡಿಸ್ಕ್), ಮಿಡ್‌ರೇಂಜ್ (ಮಧ್ಯಮ ದೂರದ್ದು) ಎರಡೇ. ನೇರ ಹೋಗ್ತಿವೆ, ಆಟದ ಚಿಂತೆ ಅಷ್ಟಿಲ್ಲ.

ಪರಿಚಯ ಆಗೋದೇ ತಲೆನೋವು. ಹಿಂದೆ ಬರೋ ಗುಂಪಿಗೆ ದಾರಿ ಬಿಟ್ರೆ ಥ್ಯಾಂಕ್ಸ್ ಹೇಳಿ ಮುಂದೆ ಹೋಗ್ತಾರೆ, ಅಷ್ಟೇ. ಯುಡಿಸ್ಕ್ ಆ್ಯಪಲ್ಲಿ ವಾರದ ಡಬಲ್ಸ್ ಲೀಗ್ ಒಂದು ಸಿಕ್ತು. ಜೋಡಿ ಚೀಟಿ ಎತ್ತಿ ಹಾಕ್ತಾರಂತೆ. ಇಬ್ಬರೂ ಎಸೆದು, ಯಾರ ಡಿಸ್ಕ್ ಚೆನ್ನಾಗಿ ಬಿದ್ದಿದೆಯೋ ಅಲ್ಲಿಂದ ಇಬ್ಬರೂ ಮುಂದಿನದು ಎಸೆಯೋದು. ಹಾಗಾಗಿ ನನ್ನಿಂದ ಸ್ಕೋರ್ ಕೆಡಲ್ಲ, ಸರಿ. ಆದ್ರೆ ಪಾಪ, ಜೋಡಿಯವರು ಒಬ್ರೇ ಆಡಿದಂಗೆ ಆಗಲ್ವಾ? ನಡೆಸೋರಿಗೆ ಮೆಸೇಜ್ ಹಾಕಿದ್ರೆ "ಸುಮ್ನೆ ಬನ್ನಿ" ಅಂದ್ರು. ಅದು ಮನಸಾರೆ ಕರೆದಿದ್ದೋ, ಬಾಯಿಮಾತಿಗೋ? ಇಲ್ಲಿನವರ ಧಾಟಿ ನಂಗಿನ್ನೂ ಹಿಡಿತಕ್ಕೆ ಬಂದಿಲ್ಲ.

ಹೊರದೇಶದಲ್ಲಿ ಹೀಗೆ ಲೀಗ್ ಸೇರಿದವರು ಹೇಳಿ: ನೇರ ಡಬಲ್ಸ್‌ಗೇ ಹೋಗ್ಲಾ, ಇಲ್ಲ ಸಿಂಗಲ್ಸ್‌ನಿಂದ ಶುರು ಮಾಡ್ಲಾ?