ಅಪ್‌ಡೇಟ್: ಹಲ್ಲು ಜುಮ್ಮೆನ್ನುವುದಕ್ಕೆ ಕೊನೆಗೆ ಯಾವ ಪೇಸ್ಟ್ ಹಿಡಿಸಿತು

ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತೆ, ಇದ್ದಿಲಿನ ಪೇಸ್ಟ್ ಬಿಟ್ಟು ಯಾವುದು ತಗೊಳ್ಳಲಿ ಅಂತ ಕೇಳಿದ್ದೆ. ಈಗ ಎಷ್ಟೋ ವಾಸಿ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು 'ಮುಂದಿನ ಹೆಸರು ಬಿಡಿ, ಟ್ಯೂಬಿನ ಹಿಂದಿರೋ ಸಣ್ಣ ಅಕ್ಷರ ಓದಿ' ಅಂದವರ ಸಲಹೆ. ಅವರು ಹೇಳಿದ ಹಾಗೆ 5% ಪೊಟ್ಯಾಸಿಯಂ ನೈಟ್ರೇಟ್ ಮತ್ತು ಫ್ಲೋರೈಡ್ ಎರಡೂ ಇರುವುದನ್ನು ಹುಡುಕಿ ತಂದೆ. ಮೊದಮೊದಲು ಏನೂ ಗೊತ್ತಾಗಲಿಲ್ಲ, ಬಿಡೋಣ ಅನಿಸಿತ್ತು, ಆದರೆ ನೈಟ್ರೇಟ್ ಹಲ್ಲಿನ ನರವನ್ನು ನಿಧಾನಕ್ಕೆ ಶಾಂತ ಮಾಡುತ್ತದಂತೆ, ಅದಕ್ಕೆ 2ರಿಂದ 4 ವಾರ ಬೇಕು. ದಿನಾ ತಪ್ಪದೆ ಉಜ್ಜಿ, ಸುಮ್ನೆ ಕಾಯಿರಿ.

ಲವಂಗದೆಣ್ಣೆ ಆ ಹೊತ್ತಿಗೆ ಮರಗಟ್ಟಿಸಿತು, ಅಷ್ಟೆ. ಉಪ್ಪು, ಇದ್ದಿಲಿನ ಪುಡಿ ಹಾಕಿ ಉಜ್ಜೋದು ಬೇಡವೇ ಬೇಡ ಅಂದರು ದಂತವೈದ್ಯರು. ಒರಟು ಪುಡಿ ಎನಾಮಲ್ (ಹಲ್ಲಿನ ಮೇಲಿನ ಗಟ್ಟಿ ಪದರ) ಸವೆಸುತ್ತೆ, ಸವೆದುಹೋದ ಎನಾಮಲ್ ಮತ್ತೆ ಬೆಳೆಯೋದಿಲ್ಲ. ಮೆತ್ತಗಾದ ಜಾಗವನ್ನು ಗಟ್ಟಿ ಮಾಡೋಕೆ ಮಾತ್ರ ಫ್ಲೋರೈಡ್ ನೆರವಾಗುತ್ತೆ. ಕೆಲವು ಗಿಡಮೂಲಿಕೆ ಪೇಸ್ಟ್‌ಗಳಲ್ಲಿ ಫ್ಲೋರೈಡ್ ಇರೋದೇ ಇಲ್ಲ, ನೋಡಿ ತಗೊಳ್ಳಿ.

ನನಗೆ ಆಶ್ಚರ್ಯ ಆಗಿದ್ದು ಇದು: ಉಜ್ಜಿದ ಮೇಲೆ ನೊರೆ ಉಗಿದರೆ ಸಾಕು, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದುಹೋಗುತ್ತೆ. ಲಿಂಬೆ ಶರಬತ್ತು ಕುಡಿದ ತಕ್ಷಣವೂ ಬ್ರಷ್ ಹಿಡಿಯಬಾರದು, ಅರ್ಧ ಗಂಟೆ ಬಿಡಬೇಕು, ಹುಳಿಗೆ ಎನಾಮಲ್ ಮೆತ್ತಗಾಗಿರುತ್ತೆ ಅಲ್ವಾ.

ಎಡಗಡೆಯ ಒಂದು ಹಲ್ಲು ಮಾತ್ರ ಇನ್ನೂ ಜುಮ್ ಅನ್ನುತ್ತೆ. ಒಸಡಿನ ಹತ್ತಿರ ಉಗುರು ಆಡಿಸಿದರೆ ಸಣ್ಣ ಕಚ್ಚು ತಾಗುತ್ತೆ. ಅಲ್ಲಿ ಪೇಸ್ಟ್ ಸಾಲದು, ಫಿಲ್ಲಿಂಗ್ ಮಾಡಿಸಬೇಕು ಅಂದಿದ್ದಾರೆ, ಮುಂದಿನ ವಾರ ಮಾಡಿಸ್ತೀನಿ.