ಔಟ್‌ಬೋರ್ಡ್ ದೋಣಿಯ ಸ್ಟೀರಿಂಗ್‌ಗೆ ‘ಚುಕ್ಕಾಣಿ’ ಅನ್ನಬಹುದೇ?

ದಾವಣಗೆರೆಯಿಂದ:
ಪೊಂಟೂನ್ ದೋಣಿಗೆ (ಟೊಳ್ಳು ಕೊಳವೆಗಳ ಮೇಲೆ ತೇಲುವ ಚಪ್ಪಟೆ ದೋಣಿ; ಎಂಜಿನ್ ಹಿಂಬದಿಯ ಹೊರಗೆ ತೂಗುವ ಔಟ್‌ಬೋರ್ಡ್) ಸ್ಟೀರಿಂಗ್ ಆರಿಸುವ ಕೈಪಿಡಿಯ ಅನುವಾದ, ನಾಳೆ ಸಂಜೆ ಅಚ್ಚಿಗೆ. ಟಿಲ್ಲರ್ (ಎಂಜಿನ್ನಿಗೇ ಇರುವ ಹಿಡಿಕೋಲು), ಕೇಬಲ್, ಹೈಡ್ರಾಲಿಕ್ (ಎಣ್ಣೆಯ ಒತ್ತಡದ್ದು) ಎಂದು ಮೂರು ಬಗೆ. ಮೂರಕ್ಕೂ ‘ಚುಕ್ಕಾಣಿ’ ಸಾಕೇ? ‘ಟಿಲ್ಲರ್’ ಎಂದೇ ಉಳಿಸಿದರೆ ಭದ್ರಾ ನಾಲೆ ಸೀಮೆಯ ಓದುಗರಿಗೆ ಗದ್ದೆಯ ಪವರ್ ಟಿಲ್ಲರ್ ಕಣ್ಣಿಗೆ ಬರುತ್ತದೆ.

ಹರಿಹರದಿಂದ:
ಚುಕ್ಕಾಣಿ ಕನ್ನಡವೇ ಅಲ್ಲ. ಅರಬ್ಬಿಯ ‘ಸುಕ್ಕಾನ್’. ಮರಾಠಿಯ ಸುಕಾಣೂ, ತಮಿಳಿನ ಸುಕ್ಕಾನ್ ಎಲ್ಲ ಅದರ ಮಕ್ಕಳೇ. ಟಿಲ್ಲರ್‌ಗೆ ‘ಮೇಳಿ’ ಇರುವಾಗ ಹುಡುಕಾಟವೇಕೆ? ನೇಗಿಲ ಹಿಂದೆ ನಿಂತು ಹಿಡಿಯುವುದೂ ಅದೇ. ಪೊಂಟೂನ್‌ಗೆ ‘ಜೋಡಿತೆಪ್ಪ’.

ಹಿರಿಯೂರಿನಿಂದ:
ಮೇಳಿ ಚೆನ್ನಾಗಿದೆ, ಆದರೆ ಟಿಲ್ಲರ್‌ಗೆ ಮಾತ್ರ. ಅದನ್ನು ಬಲಕ್ಕೆ ನೂಕಿದರೆ ದೋಣಿ ಎಡಕ್ಕೆ ಹೊರಳುತ್ತದೆ. ಚಕ್ರ ಬಲಕ್ಕೆ ತಿರುಗಿಸಿದರೆ ಬಲಕ್ಕೇ. ಎರಡಕ್ಕೂ ಒಂದೇ ಪದ ಹಾಕಿದರೆ ಓದಿದವನು ದಡಕ್ಕೆ ಗುದ್ದುತ್ತಾನೆ.

ಇನ್ನು ಚುಕ್ಕಾಣಿ. ಔಟ್‌ಬೋರ್ಡಿನಲ್ಲಿ ಚುಕ್ಕಾಣಿ ಹಲಗೆಯೇ ಇಲ್ಲ, ಎಂಜಿನ್ನೇ ಹೊರಳಿ ನೀರನ್ನು ಓರೆಯಾಗಿ ತಳ್ಳುತ್ತದೆ. ಎಂಜಿನ್ ನಿಂತರೆ ತಿರುವೂ ಹೋಯಿತು. ಅಗಲವಾದ ಪೊಂಟೂನನ್ನು ವಾಣಿವಿಲಾಸ ಸಾಗರದಂಥ ಬಯಲು ನೀರಿನಲ್ಲಿ ಆಮೇಲೆ ಗಾಳಿ ಎತ್ತ ದೂಡಿದರೆ ಅತ್ತ. ಪದ ಯಾವುದಾದರೂ ಇರಲಿ, ಈ ಸಾಲು ಬಿಡಬೇಡಿ.

ಕೇಬಲ್ ಅಳತೆಯಲ್ಲಿಯೇ ಅನುವಾದಗಳು ಎಡವುವುದು. ಚಕ್ರದ ನಡುವಿನಿಂದ ದೋಣಿಯ ಬದಿಗೆ, ಬದಿಗುಂಟ ಹಿಂಬದಿಗೆ, ಅಲ್ಲಿಂದ ಎಂಜಿನ್ನಿನ ನಡುವಿಗೆ: ಮೂರನ್ನೂ ಕೂಡಿಸಿ, ಪ್ರತಿ ಮೂಲೆತಿರುವಿಗೆ 4 ಅಂಗುಲ ಕಳೆಯಿರಿ. ಕೇಬಲ್ ಟಿಲ್ಟ್ ಟ್ಯೂಬಿನೊಳಗೆ (ಎಂಜಿನ್ನನ್ನು ಮೇಲೆತ್ತುವಾಗ ಕೀಲಾಗುವ ಅಡ್ಡ ಕೊಳವೆ) ಹಾಯುವುದಾದರೆ 6 ಅಂಗುಲ ಸೇರಿಸಿ, ಮುಂದಿನ ಪೂರ್ಣ ಅಡಿಗೆ ಏರಿಸಿ. ಬಾಗಿನ ತ್ರಿಜ್ಯ 8 ಅಂಗುಲಕ್ಕೆ ಕಡಿಮೆಯಾದರೆ ಚಕ್ರ ಬಿಗಿಯುತ್ತದೆ. ಬಿಗಿದಾಗ ಎಲ್ಲರೂ ಕೇಬಲ್ಲನ್ನೇ ಬೈಯುವುದು, ತಪ್ಪು ಬಹಳ ಸಲ ಟಿಲ್ಟ್ ಟ್ಯೂಬಿನಲ್ಲಿ ಗಟ್ಟಿಯಾದ ಹಳೆ ಗ್ರೀಸಿನದು. ಹೊಸ ಗ್ರೀಸ್ ತುಂಬುವಾಗ ಕೇಬಲ್ಲಿನ ಸರಳು ಟ್ಯೂಬಿನೊಳಕ್ಕೆ ಪೂರ್ತಿ ಸರಿದಿರಬೇಕು. ಇಲ್ಲದಿದ್ದರೆ ಗ್ರೀಸೇ ಒತ್ತಡ ಕಟ್ಟಿ ಸರಳನ್ನು ಹಿಡಿದುಬಿಡುತ್ತದೆ.

100 ಅಶ್ವಶಕ್ತಿ ದಾಟಿದರೆ ಹೈಡ್ರಾಲಿಕ್ಕೇ ವಾಸಿ. ಎಣ್ಣೆಯಲ್ಲಿ ಗಾಳಿ ಸೇರಿದರೆ ಚಕ್ರ ಮೆತ್ತಗಾಗುತ್ತದೆ, ಗಾಳಿ ತೆಗೆಯಬೇಕು.

ಚಿತ್ರದುರ್ಗದಿಂದ:
‘ಕರ್ಣ’ ಎಂದರೆ ಕಿವಿಯಷ್ಟೇ ಅಲ್ಲ, ಚುಕ್ಕಾಣಿಯೂ ಹೌದು. ಕರ್ಣಧಾರ ಬಂದದ್ದು ಅಲ್ಲಿಂದಲೇ. ‘ಕರ್ಣವ್ಯವಸ್ಥೆ’ ಎನ್ನಿ.

ಹರಿಹರದಿಂದ:
ಶ್ರವಣಯಂತ್ರ ಮಾರುವವರು ಬಂದಾರು. ಬೇಡ.

ಚಿತ್ರದುರ್ಗದಿಂದ:
ಅರಬ್ಬಿ ಬೇಡ, ಸಂಸ್ಕೃತ ಬೇಡ. ನಿಮ್ಮ ಜೋಡಿತೆಪ್ಪದ ‘ಜೋಡಿ’ ಎಲ್ಲಿಯದು ಸ್ವಾಮಿ?

ಹಿರಿಯೂರಿನಿಂದ:
ಪತ್ರಿಕೆಗಳು ಸರ್ಕಾರಕ್ಕೇ ಚುಕ್ಕಾಣಿ ಹಿಡಿಸಿವೆ. ಇಷ್ಟು ಒಗ್ಗಿದ ಪದಕ್ಕೆ ಈಗ ಗಡೀಪಾರೇ? ಬರೆಯಿರಿ: ಹಿಡಿ ಸ್ಟೀರಿಂಗ್, ಕೇಬಲ್ ಸ್ಟೀರಿಂಗ್, ಹೈಡ್ರಾಲಿಕ್ ಸ್ಟೀರಿಂಗ್. ತಿರುಗಿಸುವ ಚಕ್ರ ಮಾತ್ರ ‘ಚುಕ್ಕಾಣಿ ಚಕ್ರ’.

ದಾವಣಗೆರೆಯಿಂದ:
ಹಾಗೇ ಹಾಕುತ್ತೇನೆ. ಪೊಂಟೂನ್ ಪೊಂಟೂನಾಗಿಯೇ ಇರಲಿ.

ಹರಿಹರದಿಂದ:
‘ಹಿಡಿ ಸ್ಟೀರಿಂಗ್’ ಅರಿಸಮಾಸ.

ಚಿತ್ರದುರ್ಗದಿಂದ:
ಅರಿಸಮಾಸ ಹೇಳಿದ್ದು ಸಂಸ್ಕೃತ–ಕನ್ನಡ ಕೂಡಿದಾಗ. ಇಂಗ್ಲಿಷಿಗೆ ಆ ಸೂತ್ರ ಎಲ್ಲಿಂದ ತಂದಿರಿ?