ಫೈನಲ್‌ಗೆ ಮೊದಲೇ ಬಹುಮಾನದ ದುಡ್ಡು ಹಂಚಿಕೊಳ್ಳೋದು ತಪ್ಪಾ? ಅನುಭವ ಇದ್ದವರು ಹೇಳಿ

ಶಿರಸಿಯಿಂದ, ಡಿಗ್ರಿ ವಿದ್ಯಾರ್ಥಿ:

ಅಣ್ಣಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ನಾವು ನಾಲ್ಕು ಜನ ಕಾಲೇಜು ಹುಡುಗರು. ಕಾರವಾರದಲ್ಲಿ ನಡೆಯುತ್ತಿರುವ ಬಿಜಿಎಂಐ (ಮೊಬೈಲ್ ಶೂಟಿಂಗ್ ಆಟ) ಟಿಡಿಎಂ ಟೂರ್ನಿಯಲ್ಲಿ, ಅಂದರೆ ಎರಡೇ ಟೀಮು ಎದುರಾಬದುರು ಆಡುವ ಟೂರ್ನಿಯಲ್ಲಿ, ಫೈನಲ್‌ಗೆ ಬಂದಿದ್ದೇವೆ. ಭಾನುವಾರ ಮ್ಯಾಚ್. ಗೆದ್ದವರಿಗೆ 20,000, ಸೋತವರಿಗೆ 8,000. ನಿನ್ನೆ ರಾತ್ರಿ ಎದುರು ಟೀಮಿನ ಕ್ಯಾಪ್ಟನ್ ಫೋನ್ ಮಾಡಿದ್ದ. "ಯಾರು ಗೆದ್ರೂ 14-14 ಮಾಡ್ಕೊಳ್ಳೋಣ, ಯಾರಿಗೂ ಹೇಳೋದು ಬೇಡ" ಅಂದ. ನಮ್ಮಲ್ಲಿ ಇಬ್ಬರು ಒಪ್ಪಿದ್ದಾರೆ. ಒಬ್ಬ ಇದು ಮೋಸ ಅನ್ನುತ್ತಾನೆ. ನನಗೆ ಏನು ಹೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ಯಾರಿಗಾದರೂ ಹೀಗೆ ಆಗಿದೆಯಾ?

ಕುಮಟಾದಿಂದ, ಟೂರ್ನಿ ನಡೆಸುವವರು:

ತಮ್ಮಾ, ಮೊದಲು ಫೈನಲ್‌ಗೆ ಬಂದಿದ್ದಕ್ಕೆ ಅಭಿನಂದನೆ. ನಾನು ಗೆಳೆಯರ ಜೊತೆ ಸೇರಿ ಇಂಥ ಟೂರ್ನಿಗಳನ್ನು ನಡೆಸುತ್ತೇನೆ. ಹಾಗಾಗಿ ಮೇಜಿನ ಈಚೆ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ನಮ್ಮದೇ ಒಂದು ಫೈನಲ್‌ನಲ್ಲಿ ಹೀಗೆ ಆಗಿತ್ತು. ಹಾಲ್‌ನಲ್ಲಿ ಪ್ರೊಜೆಕ್ಟರ್ ಹಾಕಿದ್ದೆವು. ಮುಂದಿನ ಸಾಲಿನಲ್ಲಿ ಹೈಸ್ಕೂಲ್ ಹುಡುಗರು ನೆಲದ ಮೇಲೆ ಕೂತಿದ್ದರು. ಟಿಡಿಎಂ ಅಂದರೆ ಮೊದಲು 40 ಕಿಲ್ ಮಾಡಿದವರು ಗೆದ್ದ ಹಾಗೆ. ವೇರ್‌ಹೌಸ್ ಮ್ಯಾಪ್‌ನಲ್ಲಿ ಗಟ್ಟಿ ಟೀಮುಗಳು ಆಡಿದರೆ ಪೆಟ್ಟಿಗೆ ಮರೆಯಿಂದ ತಲೆ ಹೊರಗೆ ಹಾಕೋದಕ್ಕೂ ಯೋಚನೆ ಮಾಡುತ್ತವೆ. ಆ ದಿನ ಎರಡೂ ಕಡೆಯ ಹುಡುಗರು ನಡುವಿನ ಬಯಲಿಗೆ ಓಡಿಬಂದು, ಬಂದೂಕು ಬಿಟ್ಟು ಆಟದೊಳಗಿನ ಬಾಣಲೆಯಲ್ಲಿ ಹೊಡೆದಾಡಿದರು. ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಮೊದಲ ಎರಡು ನಿಮಿಷ ಜನ ಸಿಳ್ಳೆ ಹೊಡೆದರು. ಆಮೇಲೆ ಮುಂದಿನ ಸಾಲಿನ ಒಬ್ಬ ಹುಡುಗ ಹಿಂದೆ ತಿರುಗಿ "ಅಣ್ಣ, ಇವ್ರು ಆಡ್ತಾನೇ ಇಲ್ಲ ಅಲ್ವಾ?" ಅಂತ ನನ್ನನ್ನೇ ಕೇಳಿದ. ಬಹುಮಾನದ ದುಡ್ಡು ಕೊಟ್ಟಿದ್ದ ಮೊಬೈಲ್ ಅಂಗಡಿಯವರು ಏನೂ ಮಾತಾಡದೆ ಎದ್ದು ಹೋದರು. ಮರುವರ್ಷ ಕೇಳೋಕೆ ಹೋದಾಗ, "ನಿಮ್ಮ ಹುಡುಗರು ಅವರವರೇ ಹಂಚಿಕೊಳ್ಳೋದಾದ್ರೆ ನಾನ್ಯಾಕೆ ಕೊಡ್ಲಿ" ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ?

ಆ ಎರಡೂ ಟೀಮು ನಮ್ಮ ಯಾವ ನಿಯಮವನ್ನೂ ಮುರಿದಿರಲಿಲ್ಲ. ಹಂಚಿಕೊಳ್ಳಬಾರದು ಅಂತ ನಾವು ಎಲ್ಲೂ ಬರೆದಿರಲಿಲ್ಲ. ಆದರೂ ಆ ಹಾಲ್‌ನಲ್ಲಿದ್ದ ಪ್ರತಿಯೊಬ್ಬರಿಗೂ ಏನೋ ಕಳೆದುಕೊಂಡ ಹಾಗೆ ಆಗಿತ್ತು.

ದೊಡ್ಡ ಮಟ್ಟದಲ್ಲೂ ಇದೇ ನಡೆದಿದೆ. 2012ರ ಆಗಸ್ಟ್‌ನಲ್ಲಿ ಅಮೆರಿಕದ ರಾಲಿ ಊರಿನಲ್ಲಿ ಎಂಎಲ್‌ಜಿ ಅನ್ನೋ ವಿಡಿಯೊ ಗೇಮ್ ಟೂರ್ನಿ. ಲೀಗ್ ಆಫ್ ಲೆಜೆಂಡ್ಸ್ ಫೈನಲ್‌ನಲ್ಲಿ ಕರ್ಸ್ ಮತ್ತು ಡಿಗ್ನಿಟಾಸ್ ಟೀಮುಗಳು. ಬಹುಮಾನ ಹಂಚಿಕೊಳ್ಳೋಣ ಅಂತ ಮೊದಲೇ ಮಾತಾಡಿಕೊಂಡಿದ್ದರು. ಮೊದಲ ಗೇಮಿನಲ್ಲಿ ಕೈಗೆ ಬಂದ ಪಾತ್ರ ತಗೊಂಡು ಎಲ್ಲರೂ ನಡುವಿನ ಒಂದೇ ದಾರಿಯಲ್ಲಿ ನುಗ್ಗಿ ತಮಾಷೆಗೆ ಆಡಿದರು. ನೋಡುವವರಿಗೆ ಗೊತ್ತಾಗದೆ ಇರುತ್ತದಾ? ಆಯೋಜಕರು ಎರಡೂ ಟೀಮುಗಳನ್ನು ಅನರ್ಹ ಮಾಡಿದರು. ಮೊದಲ ಎರಡು ಸ್ಥಾನದ ಬಹುಮಾನ ಯಾರಿಗೂ ಕೊಡಲಿಲ್ಲ. ಸೋತಿದ್ದರೂ ಎರಡನೇ ಬಹುಮಾನ ಸಿಗುತ್ತಿತ್ತು, ಅದೂ ಹೋಯಿತು.

ದುಡ್ಡು ಹಂಚಿಕೊಳ್ಳೋದನ್ನೇ ನಾನು ಪಾಪ ಅನ್ನುವುದಿಲ್ಲ. ನಿನ್ನ ಎದುರಾಳಿ ಹೇಳಿದ ಮಾತಿನಲ್ಲಿ ನನಗೆ ಚುಚ್ಚಿದ್ದು 14-14 ಅಲ್ಲ. "ಯಾರಿಗೂ ಹೇಳೋದು ಬೇಡ" ಅಂದಿದ್ದು. ಹೇಳೋಕೆ ಆಗದೆ ಇರುವ ಒಪ್ಪಂದ ಯಾಕೆ ಬೇಕು? ಮೊದಲು ಆಯೋಜಕರಿಗೆ ಫೋನ್ ಮಾಡು. ಅವರು ಸರಿ ಅಂದರೆ ಮ್ಯಾಚ್ ಶುರುವಾಗುವ ಮೊದಲು ಮೈಕ್‌ನಲ್ಲೇ ಹೇಳಿಸಿ. ಬೇಡ ಅಂದರೆ ಬಿಟ್ಟುಬಿಡಿ. ಇಷ್ಟೇ ನನ್ನ ಮಾತು.

ಇನ್ನೊಂದು ವಿಷಯ. ಇದು ಇಬ್ಬರ ಫೈನಲ್ ಆದ್ದರಿಂದ ಮಾತಾಡಲಿಕ್ಕಾದರೂ ಜಾಗ ಇದೆ. ಹದಿನಾರು ಸ್ಕ್ವಾಡ್ (ಟೀಮು) ಒಂದೇ ಮ್ಯಾಚ್‌ನಲ್ಲಿ ಆಡುವ ಕ್ಲಾಸಿಕ್ ಲಾಬಿಯಲ್ಲಿ ಎರಡು ಸ್ಕ್ವಾಡ್ ಹೀಗೆ ಕೈ ಕುಲುಕಿಕೊಂಡರೆ ಅದು ನೇರವಾಗಿ ಟೀಮಿಂಗ್, ಅಂದರೆ ಎದುರಾಳಿಗಳೇ ಒಳಗೊಳಗೆ ಕೈ ಜೋಡಿಸೋ ಮೋಸ. ಉಳಿದ ಹದಿನಾಲ್ಕು ಸ್ಕ್ವಾಡ್‌ಗಳ ಜೇಬಿಗೆ ಕೈ ಹಾಕಿದ ಹಾಗೆ. ಅಲ್ಲಿ ಚರ್ಚೆಯೇ ಇಲ್ಲ.

ಹೊನ್ನಾವರದಿಂದ, ಕಬಡ್ಡಿ ಆಡಿದವರು:

ನಾನು ಒಪ್ಪುವುದಿಲ್ಲ. ಹೇಳಿ ಮಾಡಿದರೂ ಅದು ಫೈನಲ್ ಅಲ್ಲ. ನಮ್ಮ ಕಡೆ ಹೊನಲು ಬೆಳಕಿನ ಪಂದ್ಯಾವಳಿ ಬೆಳಗಿನ ಜಾವದವರೆಗೆ ನಡೆಯುತ್ತದೆ. ಜನ ನಿದ್ದೆಗೆಟ್ಟು ಕೂತಿರುತ್ತಾರೆ. ಅವರು ಕೂತಿರೋದು ಕೊನೆಯ ರೈಡ್‌ನಲ್ಲಿ ಏನಾಗುತ್ತೆ ಅನ್ನೋದಕ್ಕೆ. ಸೋತರೆ ನೋವಾಗಬೇಕು, ಇಲ್ಲದಿದ್ದರೆ ಕೊನೆ ರೈಡ್‌ಗೆ ಯಾರೂ ಮೈ ಕೊಡುವುದಿಲ್ಲ. ಬೇಡ ಅಂತ ಹೇಳು, ಆಡು.

ಶಿರಸಿಯಿಂದ, ಚೆಸ್ ಟೂರ್ನಿಗಳಲ್ಲಿ ಆರ್ಬಿಟರ್ (ತೀರ್ಪುಗಾರ) ಆಗಿ ಕೆಲಸ ಮಾಡುವವರು:

ನಮ್ಮ ಊರಿನ ಹುಡುಗ ಅಂತ ಬರೆಯುತ್ತಿದ್ದೇನೆ. ಚೆಸ್‌ನಲ್ಲಿ ಈ ಪ್ರಶ್ನೆ ತುಂಬಾ ಹಳೆಯದು. ಕೊನೆ ಸುತ್ತಿನಲ್ಲಿ ಇಬ್ಬರೂ ಹತ್ತು ನಡೆ ಆಡಿ ಡ್ರಾ ಮಾಡಿಕೊಂಡು ಬಹುಮಾನ ಹಂಚಿಕೊಂಡು ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದನ್ನು ತಡೆಯಲಿಕ್ಕೆ ಅಂತಲೇ 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಆಟಗಾರರು ತಾವೇ ಮಾತಾಡಿ ಡ್ರಾ ಮಾಡಿಕೊಳ್ಳುವಂತಿಲ್ಲ ಅನ್ನುವ ನಿಯಮ ತಂದರು.

2024ರ ಡಿಸೆಂಬರ್ 31ರಂದು ನ್ಯೂಯಾರ್ಕ್‌ನಲ್ಲಿ ಆಗಿದ್ದು ನಿನಗೆ ನೆನಪಿರಬಹುದು. ವಿಶ್ವ ಬ್ಲಿಟ್ಜ್ (ಅತಿ ವೇಗದ ಚೆಸ್) ಫೈನಲ್. ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ ಸಮ ಸಮ. ಟೈಬ್ರೇಕ್‌ನಲ್ಲಿ ಮೂರು ಗೇಮ್ ಡ್ರಾ. ಆಮೇಲೆ ಪಟ್ಟವನ್ನೇ ಇಬ್ಬರಿಗೂ ಕೊಡಿ ಅಂತ ಕೇಳಿದರು. ಚೆಸ್‌ನ ವಿಶ್ವ ಸಂಸ್ಥೆ ಫಿಡೆ ಒಪ್ಪಿತು. ಒಪ್ಪದಿದ್ದರೆ ಸಣ್ಣ ಸಣ್ಣ ಡ್ರಾ ಆಡುತ್ತಾ ಹೋಗೋಣ ಅಂತ ಕಾರ್ಲ್‌ಸನ್ ಹೇಳಿದ್ದು ವಿಡಿಯೊದಲ್ಲಿ ಸಿಕ್ಕಿತು. ತಮಾಷೆಗೆ ಅಂದೆ ಅಂತ ಆಮೇಲೆ ಅವರು ಹೇಳಿದರು. ಆದರೂ ಜನರಿಗೆ ಸಿಟ್ಟು ಬಂದಿದ್ದು ಆ ಮಾತಿಗೆ.

ಇದನ್ನು ಟೋಕಿಯೊ ಒಲಿಂಪಿಕ್ಸ್ ಹೈಜಂಪ್ ಜೊತೆ ಇಟ್ಟು ನೋಡು. ಬರ್ಶಿಮ್ ಮತ್ತು ತಂಬೇರಿ ಇಬ್ಬರೂ 2.37 ಮೀಟರ್ ಹಾರಿದರು. 2.39ರಲ್ಲಿ ಇಬ್ಬರೂ ಮೂರು ಮೂರು ಸಲ ಪ್ರಯತ್ನಪಟ್ಟು ಸೋತರು. ಆಮೇಲೆ ಅಧಿಕಾರಿಯ ಎದುರೇ ನಿಂತು "ಎರಡು ಚಿನ್ನ ಕೊಡಬಹುದಾ?" ಅಂತ ಕೇಳಿದರು. ನಿಯಮದಲ್ಲಿ ಅವಕಾಶ ಇತ್ತು. ಜಗತ್ತೆಲ್ಲ ಕಣ್ಣೀರು ಹಾಕಿ ಚಪ್ಪಾಳೆ ತಟ್ಟಿತು. ಹಂಚಿಕೊಂಡಿದ್ದು ಎರಡೂ ಕಡೆ. ಹೈಜಂಪ್‌ನವರು ಕೈಲಾದಷ್ಟು ಹಾರಿ ಮುಗಿಸಿದ ಮೇಲೆ, ನಿಯಮ ಕೇಳಿ, ಎಲ್ಲರ ಕಣ್ಣೆದುರು ಹಂಚಿಕೊಂಡರು. ನೀವು ಇನ್ನೂ ಹಾರಿಯೇ ಇಲ್ಲವಲ್ಲಪ್ಪ!

ಅಂಕೋಲಾದಿಂದ, ಹಿಂದೆ ಸ್ಕ್ವಾಡ್‌ನಲ್ಲಿ ಆಡಿದವರು:

ಎಲ್ಲರೂ ಹುಡುಗರಿಗೇ ಬುದ್ಧಿ ಹೇಳುತ್ತಿದ್ದೀರಿ. ಅವರು ಯಾಕೆ ಹೀಗೆ ಯೋಚನೆ ಮಾಡುತ್ತಾರೆ ಅಂತಲೂ ನೋಡಿ. ನಾಲ್ವರು ಹಂಚಿಕೊಂಡರೆ ಗೆದ್ದವನಿಗೆ 5,000, ಸೋತವನಿಗೆ 2,000. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಬಂದು ಹೋಗುವ ಖರ್ಚು, ಊಟ, ಎಂಟ್ರಿ ಫೀ, ಡೇಟಾ ಪ್ಯಾಕ್. ಸೋತರೆ ಮನೆಯಲ್ಲಿ ಬೈಗುಳ ಬೇರೆ. ನಾನು ಆಡುವಾಗ ನನ್ನ ಫೋನಿನ ಕಂತು ಬಾಕಿ ಇತ್ತು. ಫೈನಲ್ ದಿನ ಕೈ ಬೆವರಿ ಸ್ಕ್ರೀನ್ ಮೇಲೆ ಬೆರಳು ಜಾರುತ್ತಿತ್ತು, ಆಟದ ಭಯಕ್ಕಲ್ಲ. ನಾವೂ ಎದುರಿನವರ ಜೊತೆ ಹಂಚಿಕೊಂಡಿದ್ದೇವೆ. ಆಯೋಜಕರಿಗೆ ಹೇಳಿಯೇ ಹಂಚಿಕೊಂಡೆವು. ಕಪ್‌ಗೋಸ್ಕರ ಮಾತ್ರ ಜೀವ ಬಿಟ್ಟು ಆಡಿದೆವು. ದುಡ್ಡಿನ ಚಿಂತೆ ಇಲ್ಲದೆ ಆಡಿದ ಅದೊಂದು ಮ್ಯಾಚ್ ನನ್ನ ಅತಿ ಒಳ್ಳೆ ಮ್ಯಾಚ್.

ನಮ್ಮದು ಮೀನುಗಾರರ ಮನೆ. ದಂಡೆಯಿಂದ ರಾಂಪಣಿ ಬಲೆ ಎಳೆದರೆ ಬಲೆಗೆ ಪಾಲು, ದೋಣಿಗೆ ಪಾಲು, ಹಗ್ಗ ಹಿಡಿದವರಿಗೆಲ್ಲ ಪಾಲು. ಹಂಚಿಕೊಂಡರೆ ಆಸಕ್ತಿ ಸತ್ತುಹೋಗುತ್ತೆ ಅಂತ ಅಲ್ಲಿ ಯಾರೂ ಹೇಳಿಲ್ಲ. ಆದರೆ ಯಾರಿಗೆಷ್ಟು ಅನ್ನೋದು ಬಲೆ ಬಿಡುವ ಮೊದಲೇ ಇಡೀ ದಂಡೆಗೆ ಗೊತ್ತಿರುತ್ತದೆ.

ಆಯೋಜಕರಿಗೂ ಒಂದು ಮಾತು. ಮೊದಲ ಮತ್ತು ಎರಡನೇ ಬಹುಮಾನದ ನಡುವೆ ಇಷ್ಟು ಅಂತರ ಇಟ್ಟು, ಹುಡುಗರು ಹಂಚಿಕೊಂಡರು ಅಂತ ಬೇಜಾರು ಮಾಡಿಕೊಳ್ಳಬೇಡಿ. 16,000 - 12,000 ಇಡಿ. ಯಾರೂ ಫೋನ್ ಮಾಡುವುದಿಲ್ಲ.

ಶಿರಸಿಯ ವಿದ್ಯಾರ್ಥಿ:

ಎಲ್ಲರಿಗೂ ಥ್ಯಾಂಕ್ಸ್. ಅಂಕೋಲಾದ ಅಣ್ಣ ಹೇಳಿದ್ದು ನಿಜ. ಒಪ್ಪಿರುವ ಇಬ್ಬರಲ್ಲಿ ಒಬ್ಬನಿಗೆ ಕಾಲೇಜು ಫೀ ಕಟ್ಟೋದಿದೆ. ಅವನಿಗೆ ಬೇಡ ಅಂತ ಹೇಗೆ ಹೇಳಲಿ? ಆಯೋಜಕರಿಗೆ ಹೇಳಿದರೆ ನಮ್ಮನ್ನೇ ಡಿಸ್‌ಕ್ವಾಲಿಫೈ ಮಾಡಿದರೆ?

ಕುಮಟಾದಿಂದ:

ಆಡುವ ಮೊದಲು ಬಂದು "ಹೀಗೆ ಮಾಡಬಹುದಾ?" ಅಂತ ಕೇಳಿದವರನ್ನು ಯಾವ ಆಯೋಜಕನೂ ಹೊರಗೆ ಹಾಕುವುದಿಲ್ಲ. ನಾನಂತೂ ಹಾಕುವುದಿಲ್ಲ. ಹೊರಗೆ ಹಾಕೋದು ಆಮೇಲೆ ಗೊತ್ತಾದಾಗ.

ಹಂಚಿಕೊಳ್ಳೋದಕ್ಕೆ ನಿಯಮ ಮಾಡಿಕೊಂಡ ಆಟಗಳೂ ಇವೆ. ಮ್ಯಾಜಿಕ್: ದಿ ಗ್ಯಾದರಿಂಗ್ ಅಂತ ಒಂದು ಕಾರ್ಡ್ ಆಟ. ಅದರ ನಾಕೌಟ್ ಫೈನಲ್‌ಗೆ ಬಂದ ಇಬ್ಬರು ಬಹುಮಾನವನ್ನು ಬೇಕಾದ ಹಾಗೆ ಹಂಚಿಕೊಳ್ಳಬಹುದು, ಆದರೆ ಒಬ್ಬರು ಟೂರ್ನಿಯಿಂದ ಹಿಂದೆ ಸರಿಯಬೇಕು. ಆಡಿದ ಹಾಗೆ ನಾಟಕ ಮಾಡೋದು ಬೇಡ ಅಂತ ಅದರ ಅರ್ಥ. "ನೀನು ಸೋಲು, ಇಷ್ಟು ಕೊಡುತ್ತೇನೆ" ಅನ್ನೋದಕ್ಕೆ ಮಾತ್ರ ಅಲ್ಲಿ ಜಾಗವೇ ಇಲ್ಲ. ಪೋಕರ್ ಟೂರ್ನಿಗಳಲ್ಲಿ ಕೊನೆ ಟೇಬಲ್‌ನವರು ಆಟ ನಿಲ್ಲಿಸಿ, ಸಿಬ್ಬಂದಿಯ ಎದುರೇ ಲೆಕ್ಕ ಹಾಕಿ, ಗೆದ್ದವರಿಗೆ ಅಂತ ಒಂದಿಷ್ಟು ಪಕ್ಕಕ್ಕಿಟ್ಟು ಉಳಿದದ್ದನ್ನು ಹಂಚಿಕೊಂಡು ಮತ್ತೆ ಆಡುವುದುಂಟು. ನೀವೂ ಹಾಗೆ ಕೇಳಿ ನೋಡಿ. ಇಬ್ಬರಿಗೂ 11,000, ಗೆದ್ದವರಿಗೆ ಇನ್ನೂ 6,000. ಹೊನ್ನಾವರದವರು ಹೇಳಿದ ನೋವೂ ಉಳಿಯುತ್ತದೆ, ನಿನ್ನ ಗೆಳೆಯನ ಫೀಗೂ ಸ್ವಲ್ಪ ಆಸರೆ ಆಗುತ್ತದೆ.

ಗುಟ್ಟಾಗಿ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ. ಊರಲ್ಲಿ ಫೈನಲ್ ಮೇಲೆ ಸಣ್ಣಪುಟ್ಟ ಬೆಟ್ ಕಟ್ಟುವವರು ಇದ್ದೇ ಇರುತ್ತಾರೆ. ಸೋತರೂ ನಿಮಗೆ ನಷ್ಟ ಇಲ್ಲ ಅಂತ ಅವರಲ್ಲಿ ಒಬ್ಬನಿಗೆ ಗೊತ್ತಾದರೆ ಸಾಕು, ಮುಂದಿನ ಫೋನ್ ಅವನದು. "ಹೇಗೂ ಅಷ್ಟೇ ಸಿಗುತ್ತಲ್ಲ, ಸೋತುಬಿಡಿ, ಮೇಲೆ ನಾನು ಕೊಡ್ತೀನಿ." ಅಲ್ಲಿಂದ ಮುಂದೆ ಅದು ಫಿಕ್ಸಿಂಗ್. 2014ರಲ್ಲಿ ಅಮೆರಿಕದ ಐಬೈಪವರ್ ಟೀಮು ಕೌಂಟರ್-ಸ್ಟ್ರೈಕ್ ಮ್ಯಾಚ್ ಒಂದನ್ನು ಬೇಕಂತಲೇ ಸೋತಿತು. 2015ರ ಜನವರಿಯಲ್ಲಿ ಆ ಗೇಮ್ ಮಾಡಿದ ವಾಲ್ವ್ ಕಂಪನಿ ಟೀಮಿನ ನಾಲ್ವರು ಆಟಗಾರರಿಗೆ ತನ್ನ ಟೂರ್ನಿಗಳ ಬಾಗಿಲು ಮುಚ್ಚಿತು. ಆಗ ಅವರೆಲ್ಲ ಹುಡುಗರೇ.

ಮತ್ತೆ, ನಿಮ್ಮ ನಾಲ್ವರಲ್ಲಿ ಒಬ್ಬ ಮೋಸ ಅನ್ನುತ್ತಿದ್ದಾನಲ್ಲ, ಅವನನ್ನು ಮೂರು ಜನ ಸೇರಿ ಬಾಯಿ ಮುಚ್ಚಿಸಬೇಡಿ. ಆ 5,000 ಅವನದೂ ಹೌದು. ಅವನು ಒಪ್ಪದೆ ಅವನ ಪಾಲನ್ನು ಬಿಟ್ಟುಕೊಡುವ ಹಕ್ಕು ಕ್ಯಾಪ್ಟನ್‌ಗೂ ಇಲ್ಲ. ಫೀ ವಿಷಯ ಅವನಿಗೆ ಗೊತ್ತಾ? ನಾಲ್ವರೂ ಒಂದು ಸಲ ಕೂತು ಮಾತಾಡಿ. ಗೆದ್ದರೆ ನಮ್ಮ ನಾಲ್ವರ ದುಡ್ಡಿನಲ್ಲಿ ಮೊದಲು ಫೀ ಕಟ್ಟೋಣ ಅಂತ ಅವನೇ ಹೇಳಬಹುದು. ಅದಕ್ಕೆ ಯಾರ ಅನುಮತಿಯೂ ಬೇಡ. ಗೆದ್ದ ಮೇಲೆ ನಿಮ್ಮ ದುಡ್ಡು ನೀವು ಯಾರಿಗೆ ಬೇಕಾದರೂ ಕೊಡಿ, ಸೋತ ಟೀಮಿಗೇ ಬೇಕಾದರೂ ಕೊಡಿ. ಅದು ದೊಡ್ಡ ಮನಸ್ಸು. ಆಡುವ ಮೊದಲು ಗುಟ್ಟಾಗಿ ಮಾತಾಡಿಕೊಂಡರೆ ಅದೇ ದುಡ್ಡಿಗೆ ಬೇರೆ ಬಣ್ಣ ಬರುತ್ತದೆ.

ಹೊನ್ನಾವರದಿಂದ:

ಪಕ್ಕಕ್ಕೆ 6,000 ಇಡೋದಾದರೆ, ಮೈಕ್‌ನಲ್ಲಿ ಹೇಳೋದಾದರೆ, ನನ್ನದೇನೂ ತಕರಾರಿಲ್ಲ. ಆದರೆ ಬಾಣಲೆ ಹಿಡಿದು ಓಡಬೇಡಿ.

ಕಾರವಾರದಿಂದ, ತೆರಿಗೆ ಲೆಕ್ಕ ಬರೆಯುವವರು:

ಯಾರೂ ಹೇಳದ ಒಂದು ವಿಷಯ. ಬಹುಮಾನ 10,000 ದಾಟಿದರೆ ಆಯೋಜಕರು 30% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕೊಡುವುದು ಸಾಮಾನ್ಯ. 20,000ಕ್ಕೆ 6,000 ಹಿಡಿದರೆ ಕೈಗೆ ಬರುವುದು 14,000. ಎರಡನೇ ಬಹುಮಾನದ 8,000 ಪೂರ್ತಿ ಸಿಗುತ್ತದೆ. ಈಗ ನಿಮ್ಮ 14-14 ಒಪ್ಪಂದದ ಪ್ರಕಾರ ಗೆದ್ದವರು ಸೋತವರಿಗೆ 6,000 ಕೊಡಬೇಕು. ಗೆದ್ದವರ ಹತ್ತಿರ ಉಳಿಯುವುದು 8,000, ಸೋತವರ ಹತ್ತಿರ 14,000! ಇಂಥ ಲೆಕ್ಕಕ್ಕೆ ಜಗಳವಾಗಿ ಮಾತು ಬಿಟ್ಟ ಗೆಳೆಯರನ್ನು ನಾನು ಬಲ್ಲೆ. ಗುಟ್ಟಿನ ಮಾತಾದ್ದರಿಂದ ನ್ಯಾಯ ಹೇಳೋಕೆ ಮೂರನೆಯವರನ್ನು ಕರೆಯೋ ಹಾಗೂ ಇರಲಿಲ್ಲ.

ಹಾಗಾಗಿ ಆಯೋಜಕರಿಗೆ ಫೋನ್ ಮಾಡಿದಾಗ ಟಿಡಿಎಸ್ ಹಿಡಿಯುತ್ತೀರಾ, ದುಡ್ಡು ಕ್ಯಾಪ್ಟನ್ ಖಾತೆಗೆ ಹಾಕುತ್ತೀರಾ ಅಥವಾ ನಾಲ್ವರಿಗೂ ಬೇರೆ ಬೇರೆಯಾಗಿ ಹಾಕುತ್ತೀರಾ, ಎರಡನ್ನೂ ಕೇಳಿ. ಹಂಚುವುದಾದರೆ ಆಯೋಜಕರೇ ಹಂಚಿ ಕೊಡಲಿ, ಯಾರಿಗೆ ಎಷ್ಟು ಅಂತ ಬರೆದು ಎರಡೂ ಕ್ಯಾಪ್ಟನ್‌ಗಳ ಸಹಿ ಹಾಕಿಸಿಕೊಳ್ಳಲಿ. ಆಟಗಾರರ ಪ್ಯಾನ್ ಕಾರ್ಡ್ ಜೆರಾಕ್ಸ್ ಭಾನುವಾರ ಮರೆಯದೆ ತನ್ನಿ.